ಬೀಗ ಹಾಕದ ಬಾಗಿಲುಗಳು

ಪ್ರೀತಿಯ ಗೆಳೆಯಾ,

ಹಿಮಕರಡಿಗಳು ಓಡಾಡುವ ಊರಿನಲ್ಲಿ ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದ್ದೀಯ. ಆಗುತ್ತದೆ. ಆದರೆ ಹೆದರಿಕೆಯನ್ನು ಇಟ್ಟುಕೊಂಡೇ ಅಚ್ಚುಕಟ್ಟಾಗಿ ಬದುಕುವುದನ್ನು ಇಲ್ಲಿಯವರು ಕಲಿತಿದ್ದಾರೆ.

ನಾನಿರುವ ಈ ಊರು ಚರ್ಚಿಲ್ ಇರುವುದು ಕೆನಡಾದ ಮ್ಯಾನಿಟೋಬ ಪ್ರಾಂತ್ಯದಲ್ಲಿ, ಹಡ್ಸನ್ ಕೊಲ್ಲಿಯ ದಡದಲ್ಲಿ. 2021ರ ಜನಗಣತಿಯಂತೆ ಜನಸಂಖ್ಯೆ 870. ಹೊರಗಿನಿಂದ ರಸ್ತೆಯಿಲ್ಲ; ರೈಲಿನಲ್ಲಿ, ಇಲ್ಲವೇ ವಿಮಾನದಲ್ಲಿ ಬರಬೇಕು. ಕೊಲ್ಲಿಯ ನೀರು ಹೆಪ್ಪುಗಟ್ಟಿದರೆ ಮಾತ್ರ ಕರಡಿಗೆ ಸೀಲ್ ಎಂಬ ಕಡಲ ಪ್ರಾಣಿಯ ಬೇಟೆ, ಬೇಸಿಗೆಯಿಡೀ ಹೆಚ್ಚುಕಡಿಮೆ ಉಪವಾಸ. ನದಿಯ ಸಿಹಿನೀರು ಬಂದು ಸೇರುವ ಈ ದಡದಲ್ಲಿ ಮಂಜುಗಡ್ಡೆ ಬೇಗ ಕಟ್ಟುತ್ತದೆ. ಹಾಗಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ಕರಡಿಗಳು ಇತ್ತ ಬಂದು ಕಾಯುತ್ತವೆ. ಊರು ಅವುಗಳ ಹಾದಿಯಲ್ಲೇ ಇದೆ.

ಅನೇಕರು ಕಾರಿಗೂ ಮನೆಗೂ ಬೀಗ ಹಾಕುವುದಿಲ್ಲ. ಬೀದಿಯಲ್ಲಿ ಕರಡಿ ಎದುರಾದರೆ ಯಾರೇ ಆಗಲಿ ಹತ್ತಿರದ ಬಾಗಿಲು ತೆರೆದು ಒಳಗೆ ಹೋಗಬಹುದು. ಗುರುತು ಪರಿಚಯ ಕೇಳುವವರಿಲ್ಲ. ಈ ಊರು ನನ್ನ ಮನಸ್ಸಿಗೆ ಹತ್ತಿರವಾದದ್ದೇ ಇದರಿಂದ. ಅಕ್ಟೋಬರ್ ಕೊನೆಯ ದಿನದ ಹ್ಯಾಲೋವೀನ್ ಹಬ್ಬದ ಸಂಜೆ ನೋಡಬೇಕು: ದಪ್ಪ ಕೋಟಿನ ಮೇಲೆಯೇ ವೇಷ ತೊಟ್ಟ ಮಕ್ಕಳು ಮಿಠಾಯಿಗೆಂದು ಮನೆಮನೆ ಸುತ್ತುತ್ತಾರೆ, ಬೀದಿಯ ಕೊನೆಯಲ್ಲಿ ಎಂಜಿನ್ ಆರಿಸದೆ ಕರಡಿ ಗಸ್ತಿನ ವಾಹನ ನಿಂತಿರುತ್ತದೆ.

ಊರೊಳಗೆ ನುಗ್ಗಿದ ಕರಡಿಯನ್ನು ಮೊದಲು ಸಿಡಿಮದ್ದಿನ ಸದ್ದಿನಿಂದ ಬೆದರಿಸುತ್ತಾರೆ. ಜಗ್ಗದಿದ್ದರೆ ಹಿಡಿದು, ಸೇನೆಯ ಹಳೆಯ ಕಟ್ಟಡವೊಂದರಲ್ಲಿ ಕೂಡಿಹಾಕುತ್ತಾರೆ. ಎಲ್ಲರ ಬಾಯಲ್ಲೂ ಅದು ‘ಕರಡಿ ಜೈಲು’, 28 ಕೋಣೆಗಳಿವೆ. ಅಲ್ಲಿ ನೀರು ಬಿಟ್ಟರೆ ಬೇರೇನೂ ಕೊಡುವುದಿಲ್ಲ, ಮನುಷ್ಯರ ಬಳಿ ಆಹಾರ ಸಿಗುತ್ತದೆಂಬ ರುಚಿ ಹತ್ತಬಾರದಲ್ಲ. ಆಮೇಲೆ ಮಂಪರು ಬರಿಸಿ, ಬಲೆಯಲ್ಲಿ ಮಲಗಿಸಿ, ಹೆಲಿಕಾಪ್ಟರಿಗೆ ತೂಗುಹಾಕಿ ದೂರ ಸಾಗಿಸುತ್ತಾರೆ. ಕಠಿಣ ಕ್ರಮವೇ, ಒಪ್ಪುತ್ತೇನೆ. ಆದರೆ ಹಿಂದೆಲ್ಲ ಇಂಥ ಕರಡಿಗಳಲ್ಲಿ ಎಷ್ಟೋ ಗುಂಡಿಗೆ ಬಲಿಯಾಗುತ್ತಿದ್ದವು. ಅದಕ್ಕಿಂತ ಈ ಸೆರೆವಾಸ ಸಾವಿರ ಪಾಲು ಮೇಲು.

ನನ್ನನ್ನು ನಿಜವಾಗಿ ಕಾಡುವುದು ಮಂಜುಗಡ್ಡೆಯ ಸಂಗತಿ. ಈಗ ಅದು ಬೇಗ ಕರಗುತ್ತದೆ, ತಡವಾಗಿ ಕಟ್ಟುತ್ತದೆ. ಕರಡಿಯ ಉಪವಾಸ ವಾರಗಟ್ಟಲೆ ಉದ್ದವಾಗಿದೆ. ಕೊಲ್ಲಿಯ ಪಶ್ಚಿಮ ಭಾಗದಲ್ಲಿ 1987ರಲ್ಲಿ ಸುಮಾರು 1,200 ಕರಡಿಗಳಿದ್ದವು, 2021ರ ವೈಮಾನಿಕ ಸಮೀಕ್ಷೆಯ ಅಂದಾಜು 618. ಬೀಗ ತೆಗೆದಿಟ್ಟು, ಗಸ್ತು ತಿರುಗಿ, ಕಸ ಭದ್ರವಾಗಿ ಮುಚ್ಚಿಟ್ಟು ಊರಿನವರು ತಮ್ಮ ಪಾಲಿನದನ್ನು ಮಾಡುತ್ತಿದ್ದಾರೆ. ಸಮುದ್ರ ಬಿಸಿಯಾಗುವುದನ್ನು ಈ ಪುಟ್ಟ ಊರು ಹೇಗೆ ತಡೆದೀತು? ಇದು ನ್ಯಾಯವಲ್ಲ ಗೆಳೆಯಾ.

ಸಕಲೇಶಪುರದ ಕಡೆ ಆನೆ ಬಂದ ಸುದ್ದಿಯನ್ನು ಅರಣ್ಯ ಇಲಾಖೆ ಮೊಬೈಲಿಗೆ ಕಳುಹಿಸುತ್ತದೆಯಲ್ಲ, ಅದು ನಿಮಗೆ ಸಮಯಕ್ಕೆ ತಲುಪುತ್ತಿದೆಯೇ? ತೋಟದ ಕೆಲಸದವರು ಬೆಳಗ್ಗೆ ಯಾವ ದಾರಿಯಲ್ಲಿ ಬರುತ್ತಾರೆ? ಇಲ್ಲಿಯ ಗಸ್ತಿನವರು ಕುತೂಹಲದಿಂದ ಕೇಳುತ್ತಿದ್ದಾರೆ, ವಿವರವಾಗಿ ಬರೆ.

ನಿನ್ನ ಗೆಳೆಯ