ಚಳಿ ಬಿಡುವ ವಾರಗಳಿಗೂ ಒಂದು ಅಡುಗೆ ಬೇಡವೇ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಅಡುಗೆ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಓದುವುದಷ್ಟೇ ಅಲ್ಲ, ಮಾಡಿಯೂ ನೋಡುತ್ತೇನೆ. ಹಾಗಾಗಿ ದೂರು ಹೇಳೋಕೆ ನನಗೂ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ. ಎರಡು ವಾರದ ಹಿಂದಿನವರೆಗೂ ಪುಟದ ತುಂಬ ಹಬೆಯಾಡುವ ಬಟ್ಟಲುಗಳು, ಚಳಿಗೆ ಬಿಸಿಬಿಸಿ ಸೂಪು. ಮೊನ್ನೆ ನೋಡಿದರೆ ಏಕಾಏಕಿ ತಣ್ಣನೆಯ ಸಲಾಡ್, ಹಣ್ಣಿನ ರಸ, ಐಸ್ ತುಂಡು. ಚಳಿಗಾಲ ಹೀಗೆ ಶನಿವಾರ ರಾತ್ರಿ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗುತ್ತದಾ? ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನ್, ಸಂಜೆ ಮತ್ತೆ ಸ್ವೆಟರ್ ಅನ್ನೋ ಈ ಎಡಬಿಡಂಗಿ ವಾರಗಳಲ್ಲಿ ಹೊಟ್ಟೆಗೆ ಹಿತವಾಗಿ ಏನು ಮಾಡಿಕೊಳ್ಳಬೇಕು ಅಂತ ಯಾರೂ ಬರೆಯುವುದೇ ಇಲ್ಲ.

ನಮ್ಮ ಮನೆಯಲ್ಲಿ ಈ ಜಗಳ ದಿನಾ ಇದ್ದದ್ದೇ. ಅಮ್ಮನಿಗೆ ಕಿಟಕಿ ತೆಗೆದರೆ ಸಾಕು, ಚಳಿ. ಆಡಿ ಬೆವರು ಸುರಿಸಿಕೊಂಡು ಬರುವ ಮಗನಿಗೆ ಒಲೆ ಮೇಲಿನ ಬಿಸಿ ಪಾತ್ರೆ ಕಂಡರೇ ಸಿಟ್ಟು. ಇಬ್ಬರಿಗೂ ಬೇರೆ ಬೇರೆ ಅಡುಗೆ ಮಾಡುವಷ್ಟು ಪುರುಸೊತ್ತು ನನಗೆ ಎಲ್ಲಿಂದ ಬರಬೇಕು? ಮೂರ್ನಾಲ್ಕು ವರ್ಷ ಹೀಗೇ ಒದ್ದಾಡಿ ಕಡೆಗೆ ಕಂಡುಕೊಂಡದ್ದು ಇಷ್ಟು: ಚಳಿಗಾಲದ ಅಡುಗೆಯನ್ನೇ ಇಟ್ಟುಕೊಂಡು ಅದರ ಕೊನೆಯ ಐದು ನಿಮಿಷ ಬದಲಿಸಿದರೆ ಸಾಕು.

ಅದೇ ದಪ್ಪ ತಳದ ಪಾತ್ರೆ, ಅದೇ ಬೇಳೆ, ಅದೇ ಬೆಳ್ಳುಳ್ಳಿ, ಕ್ಯಾರೆಟ್. ಸಣ್ಣ ಉರಿಯಲ್ಲಿ ಈರುಳ್ಳಿ ಕಂದು ಬಣ್ಣಕ್ಕೆ ಬರುವ ತನಕ ಹುರಿಯುವುದೂ ಅದೇ, ಅದರಲ್ಲಿ ಮಾತ್ರ ಅವಸರ ಮಾಡಬೇಡಿ. ಚಳಿ ಜೋರಿದ್ದಾಗ ಆಲೂಗಡ್ಡೆ ಹಾಕಿ ಮಸೆದು ಗಟ್ಟಿ ಮಾಡುತ್ತಿದ್ದೆ. ಈಗ ಅದನ್ನು ಬಿಟ್ಟು ಒಂದು ಲೋಟ ನೀರು ಜಾಸ್ತಿ ಹಾಕುತ್ತೇನೆ. ಬೇಳೆ ಬೆಂದು ಕರಗಿದ ಮೇಲೆ ಒಂದು ಹಿಡಿ ಎಳೆ ಬಟಾಣಿ, ಎರಡು ಹಿಡಿ ಹೆಚ್ಚಿದ ಪಾಲಕ್. ಮುಚ್ಚಳ ಹಾಕದೆ ಮೂರೇ ನಿಮಿಷ ಕುದಿಸಿ ಒಲೆ ಆರಿಸುತ್ತೇನೆ. ಬಟ್ಟಲಿಗೆ ಬಡಿಸಿದ ಮೇಲೆ ನಿಂಬೆರಸ. ಅಮ್ಮನಿಗೆ ಹಬೆಯಾಡುವಾಗಲೇ ಕೊಡುತ್ತೇನೆ, ಮಗನ ಬಟ್ಟಲು ಹತ್ತು ನಿಮಿಷ ಕಿಟಕಿ ಹತ್ತಿರ ಆರುತ್ತದೆ. "ಏನೋ ಇದು, ಬರೀ ನೀರು ಮಾಡಿದ್ದೀಯ" ಅಂತ ಮೊದಲ ದಿನ ಅಮ್ಮ ಮುಖ ಸಿಂಡರಿಸಿದ್ದರು. ಆರುತ್ತಾ ಆರುತ್ತಾ ಅದು ತಾನಾಗೇ ಗಟ್ಟಿಯಾಗುತ್ತದೆ, ಬೇಳೆಯ ಪಿಷ್ಟ ನೀರನ್ನು ಹಿಡಿದುಕೊಳ್ಳುತ್ತದಲ್ಲ. ಎರಡನೇ ಸಲ ಬಡಿಸಿಕೊಳ್ಳುವಾಗ ಅಮ್ಮ ಮಾತಾಡಲಿಲ್ಲ.

ನಿಂಬೆರಸ ಯಾಕೆ ಅಷ್ಟು ಕೊನೆಗೆ ಅಂತ ಕೇಳಬಹುದು. ಒಂದು ಸಲ ಯಾವುದೋ ಪುಟದಲ್ಲಿ ಟೊಮೆಟೊ, ನಿಂಬೆ ಎಲ್ಲವನ್ನೂ ಕಾಳಿನ ಜೊತೆಗೇ ಹಾಕಿ ಅಂತ ಬರೆದಿದ್ದರು. ನಾನೂ ಹಾಗೇ ಮಾಡಿದೆ. ಒಂದು ಗಂಟೆ ಕುದಿಸಿದರೂ ಕಾಳು ಹಠ ಹಿಡಿದು ಕೂತಿತ್ತು, ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಜಾರುತ್ತದೆ, ಒಳಗೆ ಮಾತ್ರ ಕಟಕಟ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಪೆಕ್ಟಿನ್, ಹುಳಿ ಬಿದ್ದ ನೀರಲ್ಲಿ ಅದು ಬೇಗ ಕರಗುವುದಿಲ್ಲ. ಬೇಳೆ ಬೇಯಲ್ಲ ಅನ್ನೋದು ಇಲ್ಲಿ ಬರೀ ಮಾತಿಗಲ್ಲ, ನಿಜವಾಗಿಯೂ ಬೇಯಲ್ಲ. ಅದರಲ್ಲೂ ಚಳಿಗಾಲಕ್ಕೆ ಮುಂಚೆಯೇ ತಂದಿಟ್ಟ ಕಾಳಾದರೆ ಹಳೆಯದಾದಷ್ಟೂ ಬೇಯಲು ಹೊತ್ತು ಹಿಡಿಯುತ್ತದೆ, ರಾತ್ರಿಯೇ ನೆನೆಹಾಕುವುದು ಒಳ್ಳೆಯದು.

ಸೊಪ್ಪಿಗೂ ಹುಳಿಗೂ ಆಗಿಬರುವುದಿಲ್ಲ. ಎಲೆಯ ಹಸಿರು ಬಣ್ಣ ಕ್ಲೋರೊಫಿಲ್‌ನದು. ಬಿಸಿ ಮತ್ತು ಹುಳಿ ಸೇರಿದಾಗ ಅದರ ಮಧ್ಯದಲ್ಲಿರುವ ಮೆಗ್ನೀಸಿಯಂ ಕಳಚಿಕೊಂಡು, ಹಸಿರು ಹೋಗಿ ಮಾಸಿದ ಖಾಕಿ ಬಣ್ಣ ಬರುತ್ತದೆ. ಸೊಪ್ಪಿನಲ್ಲೇ ಒಂಚೂರು ಹುಳಿ ಇರುತ್ತದೆ, ಮುಚ್ಚಳ ತೆಗೆದಿಟ್ಟರೆ ಅದರಲ್ಲಿ ಸ್ವಲ್ಪ ಹಬೆಯ ಜೊತೆ ಹೊರಗೆ ಹೋಗುತ್ತದೆ. ವಿಟಮಿನ್ ಸಿ ಕೂಡ ಕುದಿಸಿದಷ್ಟೂ ಕಡಿಮೆಯಾಗುತ್ತದೆ. ಮೂರು ನಿಮಿಷ ಸಾಕು ಅಂದದ್ದು ಸುಮ್ನೆ ಅಲ್ಲ.

ತರಕಾರಿಯ ಮಟ್ಟಿಗೆ ಈ ವಾರಗಳು ನಿಜವಾಗಿ ಲಾಭದವು. ಚಳಿಯಲ್ಲಿ ಬೆಳೆದ ಕ್ಯಾರೆಟ್, ಪಾಲಕ್ ತಿಂದು ನೋಡಿ, ಸಿಹಿ ಜಾಸ್ತಿ. ಮೈಯೊಳಗಿನ ನೀರು ಹೆಪ್ಪುಗಟ್ಟದಿರಲಿ ಅಂತ ಗಿಡ ಸಕ್ಕರೆ ಕೂಡಿಸಿಟ್ಟುಕೊಂಡಿರುತ್ತದೆ. ಬಿಸಿಲು ಏರಿ ಪಾಲಕ್ ಹೂದಂಟು ಬಿಟ್ಟಿತೋ, ಕಹಿ ಶುರು. ಬಟಾಣಿಯದು ಇನ್ನೊಂದು ಕಥೆ, ಬಳ್ಳಿಯಿಂದ ಕಿತ್ತ ಮೇಲೆ ಅದರ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ನಾಲ್ಕು ದಿನ ಬಿಟ್ಟು ತಿಂದರೆ ಹಿಟ್ಟು ತಿಂದ ಹಾಗೆ. ಬುಟ್ಟಿಯ ತಳದಲ್ಲಿ ಉಳಿದು ಹಸಿರು ತಿರುಗಿದ, ಉದ್ದುದ್ದ ಮೊಳಕೆ ಬಂದ ಆಲೂಗಡ್ಡೆಯನ್ನು ಮಣ್ಣಿಗೆ ಹಾಕಿ, ಪಾತ್ರೆಗೆ ಬೇಡ. ಅದರಲ್ಲಿ ಸೇರಿಕೊಳ್ಳುವ ಸೊಲನಿನ್ ಅನ್ನುವ ವಿಷ ಬೇಯಿಸಿದರೂ ಹೋಗುವುದಿಲ್ಲ.

ಇನ್ನೊಂದು ವಿಷಯ, ಇದನ್ನಂತೂ ದಯವಿಟ್ಟು ಅಚ್ಚು ಹಾಕಿ. ಚಳಿಗಾಲ ಪೂರ್ತಿ, ರಾತ್ರಿ ಉಳಿದದ್ದನ್ನು ಪಾತ್ರೆ ಸಮೇತ ಒಲೆ ಮೇಲೇ ಬಿಟ್ಟು ಮಲಗುವುದು ನನ್ನ ಅಭ್ಯಾಸವಾಗಿತ್ತು. ಅದೂ ತಪ್ಪೇ, ಆದರೆ ಅಡುಗೆಮನೆ ಅಷ್ಟು ತಣ್ಣಗಿರುತ್ತಿದ್ದರಿಂದ ಹೇಗೋ ನಡೆದುಹೋಗುತ್ತಿತ್ತು. ಚಳಿ ಬಿಟ್ಟ ಮೊದಲ ವಾರವೂ ಹಾಗೇ ಮಾಡಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಪಾತ್ರೆಯ ಅಂಚಿನ ಸುತ್ತ ಸಣ್ಣ ಸಣ್ಣ ಗುಳ್ಳೆ. ಸೌಟು ಎತ್ತಿದರೆ ನೂಲಿನ ಹಾಗೆ ಎಳೆ ಎಳೆ. ನಾನಿನ್ನೂ ಬಗ್ಗಿ ಮೂಸುತ್ತಾ ಇದ್ದೆ, ಅಷ್ಟರಲ್ಲಿ ಹಾಲ್‌ನಲ್ಲಿ ಕೂತಿದ್ದ ಅಮ್ಮ "ಹಳಸಿದೆ ಕಣೋ, ಚೆಲ್ಲು" ಅಂದರು. ಇನ್ನೊಂದು ಕುದಿ ಬರಿಸಿದರೆ ಸರಿಹೋಗುತ್ತೆ ಅಂತ ನಾನು.

ಸರಿಹೋಗುವುದಿಲ್ಲ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಅವುಗಳಲ್ಲಿ ಕೆಲವು ಬಿಟ್ಟುಹೋದ ವಿಷ ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದು ಅನ್ನವಾದರೂ ಬದುಕಿ ಉಳಿಯುತ್ತವೆ, ಅನ್ನ ಉಗುರುಬೆಚ್ಚಗೆ ಕೂತಷ್ಟು ಹೊತ್ತೂ ಅವಕ್ಕೆ ಹಬ್ಬ. ಆಹಾರ ಸುರಕ್ಷತೆಯವರು ಹೇಳುವ ಲೆಕ್ಕ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅಡುಗೆಯನ್ನು ಹೆಚ್ಚು ಹೊತ್ತು ಬಿಡಬಾರದು ಅಂತ. ಅಂದರೆ ಬೇಯಿಸಿದ 2 ಗಂಟೆಯೊಳಗೆ ಅದು ಫ್ರಿಜ್ ಸೇರಬೇಕು. ದೊಡ್ಡ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಅದರ ನಡುಭಾಗ ಎಷ್ಟೋ ಹೊತ್ತು ಬೆಚ್ಚಗೇ ಇರುತ್ತದೆ, ಆದ್ದರಿಂದ ಅಗಲವಾದ ತಗ್ಗು ಡಬ್ಬಿಗಳಿಗೆ ಹರಡಿ ಇಡಿ. ಫ್ರಿಜ್ ಇಲ್ಲದವರು ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ಮಾಡಿ ಮುಗಿಸಿಬಿಡಿ.

ಈಗ ನಾನು ಫ್ರಿಜ್‌ನಲ್ಲಿಡುವುದು ಬೇಳೆ, ಈರುಳ್ಳಿ, ಕ್ಯಾರೆಟ್ ಇಷ್ಟೇ ಇರುವ ಗಟ್ಟಿ ಭಾಗವನ್ನು. ಮಾರನೇ ದಿನ ಅವತ್ತಿಗೆ ಬೇಕಾದಷ್ಟು ತೆಗೆದು, ನೀರು ಬೆರೆಸಿ, ನಡುವೆಯೂ ಗುಳ್ಳೆ ಏಳುವ ಹಾಗೆ ಕುದಿಸಿ, ಆಮೇಲೆ ಆ ದಿನದ ಸೊಪ್ಪು ಹಾಕುತ್ತೇನೆ. ಒಂದು ದಿನ ಪಾಲಕ್, ಇನ್ನೊಂದು ದಿನ ಎಳೆ ಬೀನ್ಸ್, ಮಗದೊಂದು ದಿನ ಈರುಳ್ಳಿ ಸೊಪ್ಪು. ಸಂಜೆ ಚಳಿ ಮತ್ತೆ ವಕ್ಕರಿಸಿಕೊಂಡರೆ ನೀರು ಕಡಿಮೆ ಹಾಕಿ ಅನ್ನದ ಮೇಲೆ ಸುರಿದುಕೊಳ್ಳುತ್ತೇವೆ. ನಿನ್ನೆಯದು ಅಂತ ಮಗನಿಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ಈ ಪತ್ರ ಅಚ್ಚಾದರೆ ಗೊತ್ತಾಗುತ್ತದೆ, ಇರಲಿ.

ಸಲಾಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಬರಲಿ, ಆದರೆ ನಾಲ್ಕು ವಾರ ತಡೆದು ಬರಲಿ. ಅಲ್ಲಿಯವರೆಗೆ ಮಧ್ಯಾಹ್ನದ ಬಿಸಿಲಿಗೂ ರಾತ್ರಿಯ ಚಳಿಗೂ ಒಗ್ಗುವ ಒಂದೇ ಪಾತ್ರೆಯ ಅಡುಗೆಗಳನ್ನು ಹಾಕಿ. ಯಾವುದನ್ನು ಮೊದಲೇ ಬೇಯಿಸಿ ಇಟ್ಟುಕೊಳ್ಳಬಹುದು, ಯಾವುದನ್ನು ತಿನ್ನುವ ಹೊತ್ತಿಗೆ ಹಾಕಬೇಕು, ಎಷ್ಟು ದಿನ ಇಡಬಹುದು ಅಂತ ಎರಡು ಸಾಲು ಸೇರಿಸಿದರೆ ಇನ್ನೂ ಅನುಕೂಲ. ಫೋಟೊ ಒಂದು ಚಿಕ್ಕದಾದರೂ ಪರವಾಗಿಲ್ಲ.

ಹಾಗೇ, ಬೇಕಾಗುವ ಸಾಮಾನುಗಳ ಪಟ್ಟಿಯಲ್ಲಿ ನಿಂಬೆರಸವನ್ನು ಕಟ್ಟಕಡೆಯ ಸಾಲಿಗೆ ತಳ್ಳಿ. ಮಗ ಈಚೆಗೆ ನಿಮ್ಮ ಪುಟ ನೋಡಿಕೊಂಡು ಅಡುಗೆ ಕಲಿಯುತ್ತಿದ್ದಾನೆ, ಪಟ್ಟಿಯಲ್ಲಿ ಯಾವ ಕ್ರಮದಲ್ಲಿ ಬರೆದಿದೆಯೋ ಅದೇ ಕ್ರಮದಲ್ಲಿ ಪಾತ್ರೆಗೆ ಸುರಿಯುತ್ತಾನೆ.

ಇಂತಿ,
ನಿಮ್ಮ ಭಾನುವಾರದ ಓದುಗ