ಲಂಗರು ಹಾಕಿ 12 ದಿನ

ಡೊಂಬಿವಲಿ

ಪ್ರೀತಿಯ ರಘು,

ನಿನ್ನಮ್ಮ ಮೊಬೈಲಿನಲ್ಲಿ ನಿನ್ನ ಪತ್ರ ಓದಿ ಹೇಳುತ್ತಿದ್ದಳು. ಆ ಸಾಲು ಬಂದಾಗ ಮೊಬೈಲು ಕಸಿದುಕೊಂಡು ನಾನೇ ಓದಿದೆ. ‘ಜಿಬೂತಿ ಬಂದರಿನ ಹೊರಗೆ ಲಂಗರು ಹಾಕಿ 12 ದಿನ ಆಯ್ತು ಮಾವ, ಪರಿಹಾರದ ಗೋಧಿ ಇಳಿಸುವಷ್ಟರಲ್ಲಿ ತಿನ್ನುವವರು ಉಳಿದಿರ್ತಾರಾ?’ ರಾತ್ರಿ ನಿದ್ದೆ ಬರಲಿಲ್ಲ.

ಸುಮ್ನೆ ಧೈರ್ಯ ಹೇಳೋದು ನನಗೆ ಬರೋದಿಲ್ಲ. ತಡ ಆಗುತ್ತೆ. 2010ರಲ್ಲಿ ಹೈಟಿಯ ಭೂಕಂಪಕ್ಕೆ ಬಂದರಿನ ಕ್ರೇನೇ ಸಮುದ್ರಕ್ಕೆ ಬಿದ್ದಿತ್ತು. ಹಡಗು ಬಂದರೂ ಇಳಿಸೋದು ಎಲ್ಲಿ? 2022ರಲ್ಲಿ ಯುದ್ಧದ ನಡುವೆ ಉಕ್ರೇನಿನಿಂದ 23,000 ಟನ್ ಗೋಧಿ ಹೊತ್ತ ಹಡಗು ಬಂದಿದ್ದೂ ನಿನ್ನ ಜಿಬೂತಿಗೇ. ಅದು ಹೋಗಬೇಕಿದ್ದ ಇಥಿಯೋಪಿಯಾಕ್ಕೆ ಕಡಲಿಲ್ಲವಲ್ಲ, ಮುಂದೆ ಲಾರಿಯ ದಾರಿ.

2001ರ ಜನವರಿಯಲ್ಲಿ ಭುಜ್ ಭೂಕಂಪ ಆದಾಗ ನಾನು ಇಲ್ಲಿ ಮುಂಬೈಯ ಗೋದಿಯಲ್ಲಿ ಸರಕು ಎಣಿಸಿ ಟ್ಯಾಲಿ ಬರೆಯುತ್ತಿದ್ದೆ. (ಹಡಗು ನಿಲ್ಲುವ ಡಾಕಿಗೆ ಇಲ್ಲಿ ಗೋದಿ ಅಂತಾರೆ. ಊರಲ್ಲಿ ನಾನು ಗೋಧಿ ಅಂಗಡಿಯಲ್ಲಿದ್ದೇನೆ ಅಂತ ಅಜ್ಜಿ ಕೊನೆವರೆಗೂ ನಂಬಿದ್ದರು.) ಅಲ್ಲಿಯ ಕಾಂಡ್ಲಾ ಬಂದರಿಗೂ ಏಟು ಬಿದ್ದಿತ್ತು. ಅಲ್ಲಿಯವರಿಗೆ ಅಂತ ನಮ್ಮ ಶೆಡ್ಡಿಗೆ ಕಂಬಳಿಯ ಬೇಲ್‌ಗಳು, ಅಂದರೆ ಮೂಟೆಗಳು, ಬಂದವು. ಯಾರು ಬಿಡಿಸಿಕೊಳ್ಳಬೇಕು ಅನ್ನುವ ಒಂದು ಕಾಗದ ಇಲ್ಲ. ನಾನು ಬೇಲ್ ಎಣಿಸಿ, ಗೀಟು ಹಾಕಿ, ಲೋಕಲ್ ಹಿಡಿದು ಮನೆಗೆ ಬಂದೆ. ಕಾಗದ ಎಲ್ಲಿ ನಿಂತಿದೆ ಅಂತ ಕೇಳಬಹುದಿತ್ತು. ಮೇಲಿನವರ ಕೆಲಸ ಅಂದುಕೊಂಡೆ. ಹೋಳಿ ಹೊತ್ತಿಗೆ ಅದೇ ಶೆಡ್ಡಿಗೆ ಹೋದರೆ ಮೂಲೆಯ ಬೇಲ್ ಹರಿದಿತ್ತು, ಒಳಗೆ ಬೆಕ್ಕು ಮರಿ ಹಾಕಿತ್ತು. ಕೈಯಿಟ್ಟು ನೋಡಿದೆ. ಕಂಬಳಿ ಬೆಚ್ಚಗಿತ್ತು.

ನಿನ್ನ ಸಾಲು ಓದಿದಾಗ ಆ ಬಿಸಿ ಮತ್ತೆ ಕೈಗೆ ಹತ್ತಿತು. ನೀನು ಕೇಳುತ್ತಿದ್ದೀಯ. ನಾನು ಕೇಳಿರಲಿಲ್ಲ.

ಹಡಗಿನ ಕೆಲಸ ನಿನಗೆ ದಡದ ಗುಮಾಸ್ತ ಹೇಳಿಕೊಡೋದಾ? ಆದರೂ ಗೋಧಿ ಮೇಲಿನ ಮುಚ್ಚಳ, ಆ ಹ್ಯಾಚಿನ ರಬ್ಬರು ಇನ್ನೊಂದು ಸಲ ನೋಡು. ನೀರು ಹೊಕ್ಕರೆ ಕಾದದ್ದೂ ದಂಡ.

ಉಳಿದಿರ್ತಾರಾ ಅಂತ ಕೇಳಿದೆ. ಎಲ್ಲರೂ ಅಂತ ನಾನು ಹೇಗೆ ಹೇಳಲಿ? ಆದರೆ ಉಳಿದವರಿಗೆ ಮುಂದಿನ ತಿಂಗಳೂ ಹಿಟ್ಟು ಬೇಕು ಮಗಾ, ಅದರ ಮುಂದಿನ ತಿಂಗಳೂ ಬೇಕು. ಅಷ್ಟು ಗೋಧಿ ವಿಮಾನದಲ್ಲಿ ಬರೋದಿಲ್ಲ. ಏಜೆಂಟ್ ಬಂದಾಗ ಯಾವ ಕಾಗದ ಬಾಕಿ ಅಂತ ಕ್ಯಾಪ್ಟನ್ ಕೈಲಿ ಕೇಳಿಸು. ಬೈದರೆ ಬೈಸಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ಇದನ್ನು ನಿನ್ನಮ್ಮ ಬರೆಸುತ್ತಿದ್ದಾಳೆ.

ಇಳಿಸಿ ಮುಗಿದ ದಿನ ಎಷ್ಟು ಟನ್ ಅಂತ ಬರಿ. ನನ್ನ ಹಳೇ ಟ್ಯಾಲಿ ಪುಸ್ತಕದಲ್ಲಿ ಒಂದೆರಡು ಪುಟ ಖಾಲಿ ಇವೆ.

ನಿನ್ನ ಮಾವ