ಮಗಳಿಗೊಂದು ಪತ್ರ: ಸಮನ್ಸಿಗೆ ಹೆದರಬೇಡ, ತಾರೀಕು ತಪ್ಪಿಸಬೇಡ

ಪುಟ್ಟೀ,

ಹಳೇ ಕ್ರೆಡಿಟ್ ಕಾರ್ಡ್ ಬಾಕಿಗೆ ಬ್ಯಾಂಕಿನವರು ದಾವಾ ಹಾಕಿದ್ದಾರೆ ಅಂತ ನಿದ್ದೆಗೆಡಬೇಡ. ಇದು ಸಿವಿಲ್ ಕೇಸು, ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ.

ಸಮನ್ಸ್ ಕೈಗೆ ಬಂದ ತಾರೀಕನ್ನು ಈಗಲೇ ಲಕೋಟೆಯ ಮೇಲೆ ಬರೆದಿಡು. ಅಲ್ಲಿಂದ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ದಾವಾಕ್ಕೆ ನಿನ್ನ ಉತ್ತರ, ಸಲ್ಲಿಸಬೇಕು. ಸಕಾರಣವಿದ್ದರೆ ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು. ಸಮನ್ಸಿನಲ್ಲಿ 'ಆದೇಶ 37' (ಬೇಗ ಮುಗಿಸುವ ಸಂಕ್ಷಿಪ್ತ ವಿಚಾರಣೆ) ಅಂತಿದ್ದರೆ ಮಾತ್ರ 10 ದಿನದೊಳಗೇ ಹಾಜರಿ ಹಾಕಬೇಕು. ಎರಡರಲ್ಲೂ ಸುಮ್ಮನಿದ್ದರೆ ನಿನ್ನ ಮಾತು ಕೇಳದೆಯೇ ಡಿಕ್ರಿ (ಹಣ ಕಟ್ಟಬೇಕೆಂಬ ಕೋರ್ಟಿನ ತೀರ್ಪು) ಆಗಬಹುದು, ಆಮೇಲೆ ಸಂಬಳದ ಒಂದು ಪಾಲು ಜಪ್ತಿಗೆ ಬರಬಹುದು.

ವಾದಪತ್ರದಲ್ಲಿ, ಅಂದರೆ ಬ್ಯಾಂಕು ಕೋರ್ಟಿಗೆ ಕೊಟ್ಟ ದಾವಾ ಅರ್ಜಿಯಲ್ಲಿ, 'ವ್ಯಾಜ್ಯ ಕಾರಣ' ಅನ್ನೋ ಪ್ಯಾರಾ ಹುಡುಕು. ಬ್ಯಾಂಕು ಯಾವ ತಾರೀಕಿನಿಂದ ಲೆಕ್ಕ ಹಿಡಿದಿದೆ ಅನ್ನೋದು ಅಲ್ಲಿರುತ್ತದೆ. ಇಂಥ ಬಾಕಿಗೆ ದಾವಾ ಹಾಕಲು 3 ವರ್ಷದ ಕಾಲಮಿತಿ. ಆದರೆ ಕೋವಿಡ್ ಕಾಲದ 15-3-2020ರಿಂದ 28-2-2022ರವರೆಗಿನ ದಿನಗಳನ್ನು ಸುಪ್ರೀಂ ಕೋರ್ಟ್ ಲೆಕ್ಕದಿಂದ ಬಿಟ್ಟಿದೆ. ಬಹಳ ಜನ ಎಡವೋದು ಇಲ್ಲೇ. 2019ರ ಜೂನ್ 10ರಿಂದ ಕಾಲಮಿತಿ ಶುರುವಾಗಿದ್ದರೆ, ಅದು 2022ಕ್ಕೆ ಮುಗಿಯೋದಿಲ್ಲ, 2024ರ ಮೇ ಕೊನೆಯವರೆಗೆ ಎಳೆಯುತ್ತದೆ. ದಾವಾ ದಾಖಲಾದ ತಾರೀಕು ಈ ಕಾಲಮಿತಿಯ ಒಳಗಿದೆಯೋ ದಾಟಿದೆಯೋ ತಾಳೆ ನೋಡು.

ರಿಕವರಿ ಏಜೆಂಟ್ ಫೋನ್ ಮಾಡಿ 'ಒಂದು ಸಹಿ ಹಾಕಿ ಸಾಕು ಮೇಡಂ' ಅಂದರೆ ಬೇಡವೇ ಬೇಡ ಅನ್ನು. ಕಾಲಮಿತಿ ಮುಗಿದ ಸಾಲವಾದರೂ ಕೊಡ್ತೀನಿ ಅಂತ ಸಹಿ ಹಾಕಿದ ಕಾಗದ ಅದಕ್ಕೆ ಮತ್ತೆ ಜೀವ ಕೊಡುತ್ತದೆ. ಅವಧಿಯೊಳಗೆ ಬರವಣಿಗೆಯಲ್ಲಿ ಒಪ್ಪಿಕೊಂಡರೆ ಮೂರು ವರ್ಷ ಹೊಸದಾಗಿ ಶುರು.

ಲಿಖಿತ ಹೇಳಿಕೆಯಲ್ಲಿ 'ಎಲ್ಲವೂ ಸುಳ್ಳು' ಅಂತ ಒಟ್ಟಾಗಿ ಬರೆದರೆ ನಡೆಯೋದಿಲ್ಲ. ಪ್ಯಾರಾ ಪ್ಯಾರಾ ಉತ್ತರಿಸಬೇಕು, ನಿರ್ದಿಷ್ಟವಾಗಿ ನಿರಾಕರಿಸದ್ದನ್ನು ಒಪ್ಪಿದಂತೆ ಎಣಿಸುತ್ತಾರೆ. ನೀನು ನಿಜವಾಗಿ ಖರ್ಚು ಮಾಡಿದ್ದನ್ನು ಅಲ್ಲಗಳೆಯಬೇಡ ಮಗಳೇ, ಅದು ಪ್ರಮಾಣ ಮಾಡಿ ಕೊಡುವ ಕಾಗದ. ಸ್ಟೇಟ್‌ಮೆಂಟಿನಲ್ಲಿ ಅಸಲು, ಬಡ್ಡಿ, ತಡಪಾವತಿ ಶುಲ್ಕ ಬೇರೆಬೇರೆ ಬರೆದುಕೊಂಡು, ಯಾವುದಕ್ಕೆ ತಕರಾರೋ ಅದನ್ನು ಮೊತ್ತ ಸಮೇತ ಹೇಳು. ಬ್ಯಾಂಕ್ ಹಾಜರುಪಡಿಸಿದ ಲೆಕ್ಕಕ್ಕೆ ದೃಢೀಕರಣ ಪತ್ರ ಇದೆಯೇ ನೋಡು.

ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳುವ ಹಕ್ಕಿದೆ. ಸಮನ್ಸ್, ವಾದಪತ್ರ, ಆಧಾರ್ ತಗೊಂಡು ಸೋಮವಾರವೇ ಹೋಗು.

ದಾವಾ ಕಾಲಮಿತಿಯೊಳಗೇ ಹಾಕಿದ್ದು, ಬಾಕಿಯೂ ನಿಜವೇ ಆದರೆ ಲೋಕ ಅದಾಲತ್‌ನಲ್ಲಿ ರಾಜಿ ಕೇಳೋಣ. ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ, ಹಾಗಾಗಿ ಕಂತು ಕಟ್ಟಲು ಆಗುವಷ್ಟಕ್ಕೇ ಒಪ್ಪು.

ನಿನ್ನ
ಅಪ್ಪ